ಬಿಸಿ ಮಾಡಿ ತರಬೇಡಿ

ಆಗುವುದಿಲ್ಲ ಎಂದವರು ನಮ್ಮ ದೊಡ್ಡಪ್ಪ ಚಿಕ್ಕಹನುಮಯ್ಯನವರು. ನಾಯಂಡಹಳ್ಳಿಯ ಮನೆಯ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ನನ್ನ ಮುಖ ಕೂಡ ನೋಡಲಿಲ್ಲ.

"ನಮ್ಮನೇಲಿ ಗಂಡುಮಕ್ಳೇ ಡಿಗ್ರಿ ಮಾಡ್ಲಿಲ್ಲ. ನೀನು ಈ ವಯಸ್ನಲ್ಲಿ, ಅದೂ ಗ್ಯಾರೇಜ್ ಕೆಲ್ಸ ಇಟ್ಕೊಂಡು, ಎಂಜಿನಿಯರ್ ಆಗ್ತೀಯಾ? ಆಗೋ ಮಾತಾಡು ಶಾರದವ್ವ."

ಅವರ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ರಾಗಿ ಮೂಟೆ ಬರುತ್ತಿದ್ದದ್ದು ಅವರ ಕೈಯಿಂದಲೇ. ನದಿ ಪಕ್ಕದ ಸೊಪ್ಪಿನ ತೋಟ ಗೋಡೌನುಗಳಾಗಿ, ಬಾಡಿಗೆ ಬರತೊಡಗಿದ ಮೇಲೂ ಅವರು ನಮ್ಮನ್ನು ಬಿಟ್ಟಿರಲಿಲ್ಲ. ಅಂಥವರು ಆಗುವುದಿಲ್ಲ ಎಂದದ್ದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು. ಆಗ ನನಗೆ ನಲವತ್ತು ದಾಟಿತ್ತು. ಮಾಡಿಯೇ ತೀರುತ್ತೇನೆ ಎಂದು ಅವರ ಮುಂದೆ ಹೇಳಲಿಲ್ಲ. ಮೂಡಲಪಾಳ್ಯಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ.

ಈಗ ನಿವೃತ್ತಿಯಾಗಿದೆ. ವರ್ಕ್‌ಶಾಪಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು, "ಮೇಡಂ, ಸದ್ದು ಕೇಳಿ ಹೇಗೆ ಹೇಳ್ತಿದ್ರಿ?" ಎಂದು ಕೇಳುತ್ತಾರೆ. ಅದರಲ್ಲಿ ಮಂತ್ರವಿಲ್ಲ. ಇರುವುದನ್ನು ಬರೆಯುತ್ತೇನೆ.

ನಾನು ಸೇರಿದ್ದು ಬಿಲ್ ಬರೆಯಲು. ಮೈಸೂರು ರಸ್ತೆಯ ಆ ವರ್ಕ್‌ಶಾಪಿನಲ್ಲಿ ನನ್ನ ಮೇಜು ಗೇಟಿನ ಪಕ್ಕದಲ್ಲಿತ್ತು. ಹಿಂದಿನ ದಿನ ಬಿಟ್ಟುಹೋದ ಗಾಡಿಗಳನ್ನು ಬೆಳಿಗ್ಗೆ ಒಂದೊಂದಾಗಿ ಸ್ಟಾರ್ಟ್ ಮಾಡಿ ಹೊರಗೆ ತರುತ್ತಿದ್ದರು. ಆಗಿನವೆಲ್ಲ ಚೋಕ್ ಎಳೆದು ಎಬ್ಬಿಸಬೇಕಾದ ಪೆಟ್ರೋಲ್ ಕಾರುಗಳು. ಒಂದು ಕೆಮ್ಮುತ್ತಿತ್ತು, ಒಂದು ಹಲ್ಲು ಕಡಿಯುತ್ತಿತ್ತು, ಇನ್ನೊಂದು ಎದ್ದ ಕೂಡಲೇ ಒಮ್ಮೆ ಗಲಗಲ ಎಂದು ಸುಮ್ಮನಾಗುತ್ತಿತ್ತು. ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಕೆಲವು ತಿಂಗಳಲ್ಲಿ, ತಲೆ ಎತ್ತದೆಯೇ ಯಾವ ಗಾಡಿ ಎಂದು ಹೇಳುವಷ್ಟಾಯಿತು.

ಅದನ್ನು ಮೊದಲು ಗಮನಿಸಿದವರು ಅಲ್ಲಿನ ಹಿರಿಯ ಮೇಸ್ತ್ರಿ ಸೆಲ್ವಣ್ಣ.

"ಏನಮ್ಮಾ, ಬಿಲ್ ಬರಿಯೋದ್ ಬಿಟ್ಟು ಕತ್ತು ಯಾಕೆ ಹಿಂಗ್ ತಿರುಗ್ಸ್ತೀಯ?"

"ಆ ಬಿಳಿ ಗಾಡಿ ನಿನ್ನೆಗಿಂತ ಬೇರೆ ಥರ ಕೂಗ್ತು ಅಣ್ಣ."

"ಕೂಗೋಕೆ ಅದೇನ್ ಕೋಳಿನಾ? ಬಾ ಇಲ್ಲಿ."

ಉದ್ದದ ಸ್ಕ್ರೂಡ್ರೈವರ್ ಒಂದನ್ನು ಕೈಗೆ ಕೊಟ್ಟರು. ಅದರ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಸಿದರು. ಒಳಗಿನ ಸದ್ದೆಲ್ಲ ತಲೆಯೊಳಗೇ ಬಂದು ಕೂತಂತಾಯಿತು. ಬೆಚ್ಚಿಬಿದ್ದೆ.

"ಸೆರಗು ಸೊಂಟಕ್ಕೆ ಸಿಗ್ಸ್ಕೋ ಮೊದ್ಲು. ಫ್ಯಾನಿಗೆ ಕಣ್ಣಿಲ್ಲ," ಎಂದರು. ನನ್ನ ಮೊದಲ ಪಾಠ ಅದು. ಮಾರನೆಯ ದಿನದಿಂದ ಸೀರೆಯ ಮೇಲೆ ಖಾಕಿ ಕೋಟು ಹಾಕಿಕೊಂಡೆ. ಹುಡುಗರು ಒಂದಷ್ಟು ದಿನ "ಪೋಸ್ಟ್‌ಮ್ಯಾನ್ ಅಕ್ಕ" ಎಂದು ರೇಗಿಸಿದರು. ಆಮೇಲೆ ಬೇಜಾರಾಗಿ ಬಿಟ್ಟರು.

ಸೆಲ್ವಣ್ಣನ ಕಟ್ಟಳೆ ಒಂದಿತ್ತು. ಬೆಳಗಿನ ಸದ್ದಿನ ದೂರು ಹೊತ್ತು ಬಂದ ಗಾಡಿ ರಾತ್ರಿ ಶೆಡ್ಡಿನಲ್ಲೇ ಇರಬೇಕು. ಅದರ ಕೀ ಗೋಡೆಯ ಮೊಳೆಗೆ. ಬೆಳಿಗ್ಗೆ ಅವರು ಬರುವ ತನಕ ಯಾರೂ ಮುಟ್ಟುವ ಹಾಗಿಲ್ಲ, ಮಾಲೀಕರೂ ಸೇರಿ. ತಣ್ಣಗಿನ ಎಂಜಿನ್ನಿನ ಮೊದಲ ಸದ್ದು ದಿನಕ್ಕೆ ಒಂದೇ ಸಲ ಸಿಗುತ್ತದೆ. ತಪ್ಪಿಸಿಕೊಂಡರೆ ನಾಳೆಯವರೆಗೂ ಕಾಯಬೇಕು. ಎಂಜಿನ್ ಆರುವುದಕ್ಕೆ ಒಂದು ರಾತ್ರಿ ಪೂರ್ತಿ ಬೇಕು. ಮೇಲೆ ಕೈಯಿಟ್ಟರೆ ತಣ್ಣಗನ್ನಿಸಿದರೂ ಒಳಗೆ ಬಿಸಿ ಉಳಿದಿರುತ್ತದೆ.

ನಮ್ಮ ಕಡೆಯ ಜನಕ್ಕೆ ಇದನ್ನು ಅರ್ಥ ಮಾಡಿಸುವುದೇ ದೊಡ್ಡ ಕೆಲಸ. ಇಲ್ಲಿ ಗಾಡಿಯನ್ನು ಮನೆಯ ಹಸುವಿನಂತೆ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಮೈ ತೊಳೆದು, ಕುಂಕುಮ ಇಟ್ಟು, ಊದುಬತ್ತಿ ತೋರಿಸಿ, ಸ್ಟಾರ್ಟ್ ಮಾಡಿ, ಕಾಫಿ ಕುಡಿದು ಪೇಪರ್ ಓದಿ ಮುಗಿಸುವ ತನಕ ಹಾಗೇ ಓಡಲು ಬಿಡುತ್ತಾರೆ. ಆಮೇಲೆ ನಮ್ಮಲ್ಲಿಗೆ ತಂದು, "ಬೆಳಿಗ್ಗೆ ಸದ್ದು ಬರುತ್ತೆ, ಈಗಿಲ್ಲ" ಎನ್ನುತ್ತಾರೆ.

ಬಸವೇಶ್ವರನಗರದ ಒಬ್ಬ ನಿವೃತ್ತ ಮೇಷ್ಟ್ರನ್ನು ನಾನು ಮರೆಯುವುದಿಲ್ಲ.

"ಎದ್ದ ತಕ್ಷಣ ಟಿಕ್ ಟಿಕ್ ಟಿಕ್ ಅನ್ನುತ್ತಮ್ಮ. ಇಲ್ಲಿಗೆ ಬಂದ್ರೆ ತೆಪ್ಪಗಿರುತ್ತೆ. ನಿಮ್ಮನ್ನ ಕಂಡ್ರೆ ಅದಕ್ಕೆ ಭಯ ಇರ್ಬೇಕು."

"ಅಲ್ಲಿಂದ ಇಲ್ಲೀತನಕ ಓಡಿಸ್ಕೊಂಡು ಬಂದಿದ್ದೀರಲ್ಲ ಸಾರ್. ಸದ್ದು ನಿಮ್ಮನೇಲೇ ಉಳ್ಕೊಳ್ತು. ಇವತ್ತು ಗಾಡಿ ಇಲ್ಲೇ ಬಿಟ್ಟೋಗಿ."

"ರಾತ್ರಿನಾ? ನಮ್ಮನೆಯವ್ಳು ಒಪ್ಪಲ್ಲ. ಅದು ಒಂದಿನಾನೂ ಹೊರಗಡೆ ಮಲಗಿಲ್ಲಮ್ಮ."

ಕೊನೆಗೆ ಬಿಟ್ಟುಹೋದರು. ಮಾರನೆಯ ಬೆಳಿಗ್ಗೆ ನಾವು ಬರುವ ಹೊತ್ತಿಗೆ ಮೇಷ್ಟ್ರು ಮೊದಲನೇ ಬಸ್ಸಿಗೇ ಬಂದು, ಕಾವಲಿನವನನ್ನು ಒಪ್ಪಿಸಿ ಕೀ ಇಸಿದುಕೊಂಡು, ಗಾಡಿ ಸ್ಟಾರ್ಟ್ ಮಾಡಿಕೊಂಡು ಕೂತಿದ್ದರು.

"ಪಾಪ, ರಾತ್ರಿಯೆಲ್ಲ ಚಳೀಲಿ ಇತ್ತಲ್ಲ. ಸ್ವಲ್ಪ ಬಿಸಿ ಮಾಡಿಟ್ಟಿದ್ದೀನಿ. ನಿಮಗೂ ಸಹಾಯ ಆಗ್ಲಿ ಅಂತ."

ಸೆಲ್ವಣ್ಣ ತಲೆಯ ಮೇಲೆ ಕೈಹೊತ್ತು ನಿಂತರು. "ಸಾರ್, ನೀವು ಮೇಷ್ಟ್ರು. ನಿಮ್ಮ ಕ್ಲಾಸಲ್ಲಿ ನಾನು ಬಂದು ಪಾಠ ಮಾಡ್ತೀನಾ?" ಎಂದರು. ಮೇಷ್ಟ್ರು ನಕ್ಕು, ಇನ್ನೊಂದು ರಾತ್ರಿಗೆ ಒಪ್ಪಿದರು.

ಮೂರನೆಯ ಬೆಳಿಗ್ಗೆ ಸದ್ದು ಸಿಕ್ಕಿತು. ಚೂಪಾದ ಟಿಕ್ ಟಿಕ್. ಆಕ್ಸಿಲರೇಟರ್ ಒತ್ತಿದರೆ ಬೇಗ ಬೇಗ. ಸ್ವಲ್ಪ ಹೊತ್ತಿಗೆ ಮಾಯ. ಬೇರೆ ಗ್ಯಾರೇಜಿನವರು ಇದನ್ನು ಟ್ಯಾಪೆಟ್ ಸದ್ದು, ವಾಲ್ವುಗಳನ್ನು ತೆರೆಯುವ ಭಾಗದ್ದು, ಎಂದು ವಾಲ್ವುಗಳ ಸಂದು ಎರಡು ಸಲ ಸರಿಮಾಡಿ ಕೊಟ್ಟಿದ್ದರಂತೆ. ಸೆಲ್ವಣ್ಣ ಒದ್ದೆ ಬಟ್ಟೆಯನ್ನು ಸೈಲೆನ್ಸರ್ ಬಾಯಿಗೆ ಒಂದು ಕ್ಷಣ ಒತ್ತಿ ಹಿಡಿದರು. ಸದ್ದು ಜೋರಾಯಿತು. ಹೊಗೆ ಹೋಗಲು ದಾರಿ ಮುಚ್ಚಿದಾಗ ಜೋರಾಗುವ ಸದ್ದು ಹೊಗೆಯದೇ. ಎಂಜಿನ್ನಿಗೆ ಹೊಗೆ ಕೊಳವೆ ಸೇರುವಲ್ಲಿ ನಡುವಿನ ಸಂದು ಮುಚ್ಚುವ ಗ್ಯಾಸ್ಕೆಟ್ ಪಟ್ಟಿ ಸೀಳಿತ್ತು, ಪಕ್ಕದಲ್ಲಿ ಕಪ್ಪು ಮಸಿಯ ಗೆರೆ. ಕಬ್ಬಿಣ ಕಾದು ಹಿಗ್ಗಿದ ಮೇಲೆ ಸಂದು ತಾನೇ ಮುಚ್ಚಿಕೊಂಡು ಸದ್ದು ನಿಲ್ಲುತ್ತಿತ್ತು. ಗ್ಯಾಸ್ಕೆಟ್ ಬದಲಾಯಿಸಿದೆವು, ಅಷ್ಟೇ. ಮೇಷ್ಟ್ರು ಆ ವರ್ಷ ಸಂಕ್ರಾಂತಿಗೆ ವರ್ಕ್‌ಶಾಪಿನವರಿಗೆಲ್ಲ ಎಳ್ಳು ತಂದುಕೊಟ್ಟರು.

ನಾನು ಓದಲು ಹೊರಟದ್ದು ಮಾತ್ರ ಬೇರೊಂದು ಗಾಡಿಯಿಂದ. ನಮ್ಮ ಆಗಿನ ಮ್ಯಾನೇಜರು ಅವಸರದ ಮನುಷ್ಯ. ಯಾವ ಸದ್ದು ಕೇಳಿದರೂ "ಎಂಜಿನ್ ಇಳಿಸಿ" ಎನ್ನುವುದೇ ಅವರ ಮಾತು. ಗೋವಿಂದರಾಜನಗರದ ಬಟ್ಟೆ ಅಂಗಡಿಯವರ ಕಾರೊಂದು ಬೆಳಿಗ್ಗೆ ಎದ್ದಾಗ ಜಲ್ ಎಂದು ನಡುಗಿ ಸುಮ್ಮನಾಗುತ್ತಿತ್ತು. ಸೆಲ್ವಣ್ಣ ಕಿವಿಗೊಟ್ಟು, "ಸಾರ್, ಇದು ಒಳಗಡೆದಲ್ಲ" ಎಂದರು.

"ಯಾಕೆ ಅಲ್ಲ? ಕಾರಣ ಹೇಳಿ."

"ಕಿವಿ ಹೇಳ್ತು ಸಾರ್."

"ನಿಮ್ಮ ಕಿವೀನ ಗಿರಾಕಿಗೆ ತೋರಿಸೋಕಾಗುತ್ತಾ? ಇಳಿಸಿ."

ಇಳಿಸಿದೆವು. ಬಿಚ್ಚಿದೆವು. ಒಳಗೆಲ್ಲ ಸರಿಯಾಗಿತ್ತು. ಮತ್ತೆ ಜೋಡಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಅದೇ ಜಲ್. ಹೊಗೆ ಕೊಳವೆಯ ಮೇಲೆ ಬಿಸಿ ತಡೆಯಲು ಹಾಕಿದ್ದ ತೆಳು ತಗಡಿನ ಒಂದು ಬೋಲ್ಟ್ ತುಕ್ಕು ಹಿಡಿದು ಕಡಿದಿತ್ತು, ತಗಡು ಅಲುಗುತ್ತಿತ್ತು. ಬಟ್ಟೆ ಅಂಗಡಿಯವರು ಬಂದು ಮಾಡಿದ ಗಲಾಟೆಯನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಂದು ಮಧ್ಯಾಹ್ನ ಸೆಲ್ವಣ್ಣ ಊಟದ ಡಬ್ಬಿಯನ್ನು ತೆರೆಯಲೇ ಇಲ್ಲ. "ನನಗೆ ಗೊತ್ತಿತ್ತು. ಯಾಕೆ ಅಂತ ಹೇಳಕ್ ಬರ್ಲಿಲ್ಲ, ಅಷ್ಟೇ," ಎಂದರು. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ನನ್ನ ಕಿವಿ ನನ್ನ ಜೊತೇಲೇ ಹೋಗುತ್ತೆ ಶಾರದಾ. ನೀನು ಓದು. ಯಾಕೆ ಅಂತ ಹೇಳೋದು ಕಲಿ," ಎಂದರು.

ಮೊದಲು ಸಂಜೆ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಆಯಿತು. ಮದುವೆ, ಬಾಣಂತನ, ಅತ್ತೆಯ ಕಾಯಿಲೆ ಎಂದು ನಡುವೆ ಎಷ್ಟೋ ವರ್ಷ ನಿಂತುಹೋಯಿತು. ಡಿಪ್ಲೊಮಾ ಆದವರು ಸಂಜೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪದವಿಗೆ ಸೇರಬಹುದು ಎಂದು ಗೊತ್ತಾದಾಗಲೇ ನಾನು ದೊಡ್ಡಪ್ಪನ ಜಗಲಿಗೆ ಹೋಗಿ ಸುದ್ದಿ ಹೇಳಿದ್ದು, ಅವರು ಆಗೋ ಮಾತಾಡು ಎಂದದ್ದು.

ದೊಡ್ಡಪ್ಪನ ಬಳಿಯೂ ಒಂದು ಹಳೇ ಪೆಟ್ರೋಲ್ ಕಾರಿತ್ತು, ಕೆನೆ ಬಣ್ಣದ್ದು. ಅದು ಬೆಳಿಗ್ಗೆ ಬಡಿದುಕೊಳ್ಳುತ್ತದೆ ಎಂದು ಅಕ್ಕಪಕ್ಕದ ಮನೆಯವರೆಲ್ಲ ಹೇಳುತ್ತಿದ್ದರು. ನಾನು ಹೋಗುವ ಹೊತ್ತಿಗೆ ಅವರು ಕುಂಕುಮ ಇಟ್ಟು, ಸ್ಟಾರ್ಟ್ ಮಾಡಿ, ಎಲೆ ಅಡಿಕೆ ಮುಗಿಸಿರುತ್ತಿದ್ದರು. ಗಾಡಿ ಬೆಣ್ಣೆಯಂತೆ ಓಡುತ್ತಿರುತ್ತಿತ್ತು.

"ಒಂದಿನ ಮುಟ್ದೆ ಬಿಡಿ ದೊಡ್ಡಪ್ಪ. ನಾನು ಬೆಳಿಗ್ಗೆ ಬಂದು ಕೇಳ್ತೀನಿ."

"ನನ್ನ ಗಾಡಿಗೆ ಏನೂ ಆಗಿಲ್ಲ. ಆದ್ರೂ ನೋಡೋಕೆ ಓದಿರೋರು ಬರ್ಲಿ."

"ನಾನು ಓದ್ತಾನೇ ಇದೀನಲ್ಲ."

"ಓದಾದ್ಮೇಲೆ ನೋಡಣ. ಅದು ಆದ್ರೆ ತಾನೆ."

ಆ 'ಆದ್ರೆ'ಯನ್ನು ಗಂಟು ಕಟ್ಟಿಕೊಂಡು ನಾಲ್ಕು ಗಂಟೆಗೆ ಎದ್ದು ಓದಿದೆ. ತರಗತಿಯ ದಿನ ನಮ್ಮ ಯಜಮಾನರು ಅನ್ನ ಸಾರು ಮಾಡಿಡುತ್ತಿದ್ದರು. ಸಾರು ಪ್ರತಿ ಸಲವೂ ಉಪ್ಪಾಗುತ್ತಿತ್ತು. ನಾನು ಒಂದು ದಿನವೂ ಹೇಳಲಿಲ್ಲ. ಗಣಿತದಲ್ಲಿ ಎರಡು ಸಲ ಬಿದ್ದೆ. ಮೂರನೆಯ ಸಲ ಎದ್ದೆ.

ಅಷ್ಟರಲ್ಲಿ ಕೆಲಸದ ರೀತಿಯೂ ಬದಲಾಗಿತ್ತು. ಚೋಕ್ ಹೋಗಿತ್ತು. ವೈರು ಚುಚ್ಚಿದರೆ ಎಂಜಿನ್ನಿನ ದೋಷವನ್ನು ಪರದೆಯ ಮೇಲೆ ತೋರಿಸುವ ಸ್ಕ್ಯಾನರ್ ಬಂದಿತ್ತು. ಒಳ್ಳೆಯ ಉಪಕರಣವೇ. ಆದರೆ ಸಡಿಲವಾದ ತಗಡು, ಸೀಳಿದ ಗ್ಯಾಸ್ಕೆಟ್, ಸವೆದ ಪಿಸ್ಟನ್ ಅದರ ಕಣ್ಣಿಗೆ ಬೀಳುವುದಿಲ್ಲ. ಪರದೆಯಲ್ಲಿ ಏನೂ ಬರಲಿಲ್ಲವೆಂದರೆ ಏನೂ ಇಲ್ಲವೆಂದು ತಿಳಿಯಬೇಡಿ. ಗಿರಾಕಿಗಳು ಮೊಬೈಲಿನಲ್ಲಿ ಸದ್ದು ಹಿಡಿದು ಕಳಿಸುವುದೂ ಶುರುವಾಯಿತು. ಅದರಿಂದ ಸದ್ದು ಯಾವಾಗ ಬಂತು, ಎಷ್ಟು ಹೊತ್ತು ಇತ್ತು ಎಂಬುದು ತಿಳಿಯುತ್ತದೆ. ಎಂಥ ಸದ್ದು ಎಂಬುದನ್ನು ನಂಬಬೇಡಿ; ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಭಾರದ ಬಡಿತವೂ ಟಿಕ್ ಟಿಕ್ ಎಂದೇ ಕೇಳುತ್ತದೆ.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ ಬಂತು. ಲ್ಯಾಬಿನಲ್ಲಿ ಸ್ಟ್ಯಾಂಡಿನ ಮೇಲೆ ಹಳೇ ಪೆಟ್ರೋಲ್ ಎಂಜಿನ್ ಒಂದಿತ್ತು. ತಣ್ಣಗಿನ ಸ್ಟಾರ್ಟಿನಲ್ಲಿ ಅದು ಮಾಡುವ ಸದ್ದು ಯಾವುದು, ಕಾರಣವೇನು ಎಂದು ಹೇಳಬೇಕು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡುವ ಹಿರಿಯರು. ನನಗಿಂತ ಮುಂದಿದ್ದ ಹುಡುಗರೆಲ್ಲ ಒಂದೆರಡು ಕ್ಷಣ ಸ್ಟಾರ್ಟ್ ಮಾಡಿ ಕೇಳಿ, "ಟ್ಯಾಪೆಟ್ ಸಾರ್" ಎಂದು ಹೇಳಿ ಹೋಗುತ್ತಿದ್ದರು. ನನ್ನ ಸರದಿ ಬಂದಾಗ ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿದೆ. ಚೆನ್ನಾಗಿ ಕಾದಿತ್ತು; ಹುಡುಗರ ಒಂದೆರಡು ಕ್ಷಣದ ಓಟಕ್ಕೆ ಅಷ್ಟು ಕಾಯುವುದಿಲ್ಲ. ಲ್ಯಾಬಿನ ಅಟೆಂಡರ್ ಕಡೆ ತಿರುಗಿದೆ.

"ಬೆಳಿಗ್ಗೆನೇ ಓಡಿಸಿಟ್ಟಿದ್ರಾ?"

"ಹೂಂ ಮೇಡಂ. ಸಾಹೇಬ್ರ ಮುಂದೆ ಒಂದ್ಸಲ ಸೆಲ್ಫ್ ಹೊಡೆದ್ರೆ ಎದ್ದೇಳ್ಬೇಕಲ್ಲ. ಮರ್ಯಾದೆ ಪ್ರಶ್ನೆ," ಎಂದ ಆ ಪುಣ್ಯಾತ್ಮ.

ಬಸವೇಶ್ವರನಗರದ ಮೇಷ್ಟ್ರು ಕಣ್ಣ ಮುಂದೆ ಬಂದರು. ಪರೀಕ್ಷಕರಿಗೆ ಹೇಳಿದೆ: "ಸಾರ್, ಎಂಜಿನ್ ಬಿಸಿಯಾಗಿದೆ. ಈಗ ಏನು ಹೇಳಿದ್ರೂ ಊಹೆ ಆಗುತ್ತೆ."

"ಪರೀಕ್ಷೆ ಇವತ್ತಮ್ಮ. ಊಹೆನೇ ಹೇಳಿ."

"ಹೇಳಲ್ಲ ಸಾರ್."

ಹಿಂದಿನಿಂದ ಒಬ್ಬ ಹುಡುಗ ಪಿಸುಗುಟ್ಟಿದ: "ಆಂಟಿ, ಟ್ಯಾಪೆಟ್ ಅಂದ್ಬಿಡಿ. ಪಾಸ್ ಆಗೋಗುತ್ತೆ."

ಪರೀಕ್ಷಕರು ಪೆನ್ನು ಕೆಳಗಿಟ್ಟರು. "ಇದರಲ್ಲಿ ಫೇಲಾದ್ರೆ ಇನ್ನೊಂದು ವರ್ಷ ಕಾಯ್ಬೇಕು. ಗೊತ್ತಲ್ಲ?"

ಗೊತ್ತಿತ್ತು. ದೊಡ್ಡಪ್ಪನಿಗೆ ಆಗಲೇ ಎಂಬತ್ತರ ಹತ್ತಿರ ಎಂಬುದೂ ಗೊತ್ತಿತ್ತು. ಆದರೆ ಕೆಲಸದ ಉದ್ದಕ್ಕೂ ಗಿರಾಕಿಗಳಿಗೆ ಏನು ಹೇಳುತ್ತ ಬಂದಿದ್ದೆನೋ ಅದನ್ನು ಅಂಕಕ್ಕಾಗಿ ಬಿಡುವುದಾದರೆ ಪದವಿ ತೆಗೆದುಕೊಂಡು ಮಾಡುವುದೇನು?

"ಗೊತ್ತು ಸಾರ್. ಇದು ತಣ್ಣಗಾಗೋತನಕ ನಾನು ಉತ್ತರ ಕೊಡಲ್ಲ."

ಅವರು ಮುಂದಿದ್ದ ಹೆಸರಿನ ಪಟ್ಟಿಯನ್ನು ತಿರುವಿದರು. "ನಾಳೆ ಇನ್ನೊಂದು ತಂಡದ ಪರೀಕ್ಷೆ ಇದೆ. ನಿಮ್ಮ ಹೆಸರು ಮೊದಲನೇದು," ಎಂದರು. ಎಂಜಿನ್ನಿನ ಕೀ ತೆಗೆದು ಅಟೆಂಡರ್ ಮುಂದೆಯೇ ತಮ್ಮ ಜೇಬಿಗೆ ಹಾಕಿಕೊಂಡರು.

ಮಾರನೆಯ ಬೆಳಿಗ್ಗೆ ಎಂಜಿನ್ ಕಲ್ಲಿನಂತೆ ತಣ್ಣಗಿತ್ತು. ಸ್ಟಾರ್ಟ್ ಮಾಡಿದೆ. ಟಿಕ್ ಟಿಕ್ ಅಲ್ಲ. ಖಾಲಿ ಡಬ್ಬಕ್ಕೆ ಒಳಗಿನಿಂದ ಗುದ್ದಿದಂತೆ ದಬ್ ದಬ್. ಸ್ಕ್ರೂಡ್ರೈವರನ್ನು ಕಿವಿಗೆ ಕೊಟ್ಟು ಒಂದೊಂದು ಜಾಗಕ್ಕೂ ಊರಿದೆ.

"ಪಿಸ್ಟನ್ ಬಡಿತಾ ಇದೆ ಸಾರ್. ಮೂರನೇ ಸಿಲಿಂಡರ್."

"ನಿಮ್ಮ ಕಿವಿ ಹೇಳಿದ್ದು ಬೇಡ. ತೋರಿಸಿ."

ಸೆಲ್ವಣ್ಣನಿಗೆ ಮ್ಯಾನೇಜರು ಹಾಕಿದ್ದ ಪ್ರಶ್ನೆಯೇ. ಈ ಸಲ ನನ್ನಲ್ಲಿ ಉತ್ತರವಿತ್ತು. ರಬ್ಬರ್ ಹಿಡಿಯ ಇಕ್ಕಳದಿಂದ ಪೆಟ್ರೋಲಿಗೆ ಕಿಡಿ ಕೊಡುವ ಪ್ಲಗ್ ವೈರುಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಹಾಕಿದೆ. ಮೂರನೆಯದನ್ನು ಬಿಡಿಸಿದಾಗ ಸದ್ದು ಮೆತ್ತಗಾಯಿತು. ಅಲ್ಲಿ ಪೆಟ್ರೋಲ್ ಉರಿಯದಿದ್ದರೆ ಪಿಸ್ಟನ್ನನ್ನು ಸಿಲಿಂಡರಿನ ಗೋಡೆಗೆ ದಬ್ಬುವ ಬಲವೇ ಇರುವುದಿಲ್ಲ ಎಂದು ವಿವರಿಸಿದೆ.

"ಸರಿ. ಪಿಸ್ಟನ್ ಕೆಳಗಿನ ದೊಡ್ಡ ಬೇರಿಂಗ್ ಸವೆದಿದ್ರೂ ವೈರ್ ತೆಗೆದಾಗ ಸದ್ದು ಕಮ್ಮಿ ಆಗುತ್ತಲ್ಲ? ಅದಲ್ಲ ಅಂತ ಹೇಗೆ ಹೇಳ್ತೀರಿ?"

ಒಳ್ಳೆಯ ಪ್ರಶ್ನೆ, ನನ್ನನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ಯೋಚಿಸಿದೆ. ಆಮೇಲೆ ಹೇಳಿದೆ: "ಬಿಸಿಯಾಗೋತನಕ ಕಾಯ್ಬೇಕು ಸಾರ್. ಬೇರಿಂಗ್ ಆದ್ರೆ, ಆಯಿಲ್ ಕಾದು ತೆಳುವಾದ ಮೇಲೆ ಸದ್ದು ಜಾಸ್ತಿ ಆಗ್ಬೇಕು. ಪಿಸ್ಟನ್ ಆದ್ರೆ, ಅದು ಅಲ್ಯುಮಿನಿಯಂ, ಕಬ್ಬಿಣದ ಗೋಡೆಗಿಂತ ಹೆಚ್ಚು ಹಿಗ್ಗುತ್ತೆ, ಸಂದು ಮುಚ್ಚುತ್ತೆ, ಸದ್ದು ಅಡಗ್ಬೇಕು."

"ಹಾಗಾದ್ರೆ ಕಾಯೋಣ."

ಇಬ್ಬರೂ ಎಂಜಿನ್ನಿನ ಎರಡು ಕಡೆ ನಿಂತೆವು. ಹುಡುಗರ ಗುಸುಗುಸು ನಿಂತಿತು. ದಬ್ ದಬ್ ನಿಧಾನಕ್ಕೆ ಮಂದವಾಗಿ, ದೂರ ಹೋದಂತಾಗಿ, ಇಲ್ಲವಾಯಿತು. ಪರೀಕ್ಷಕರು ತಾವೇ ಕೈ ಚಾಚಿ ಎಂಜಿನ್ ಆರಿಸಿದರು.

"ಇನ್ನೊಂದು ದಾರಿ ಇದೆ," ಎಂದರು. "ತಣ್ಣಗಿದ್ದಾಗಲೇ ಪ್ಲಗ್ ಬಿಚ್ಚಿ, ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಸ್ಟಾರ್ಟ್ ಮಾಡಿ. ಪಿಸ್ಟನ್ ಆದ್ರೆ ಕೆಲವು ಸೆಕೆಂಡ್ ಬಡಿತ ಮಾಯ ಆಗುತ್ತೆ. ಗಿರಾಕಿನ ನಿಲ್ಲಿಸ್ಕೊಂಡು ಅಷ್ಟು ಹೊತ್ತು ಕಾಯ್ಬೇಕಾಗಿಲ್ಲ." ನಿವೃತ್ತಿಯ ದಿನದವರೆಗೂ ಅದನ್ನು ಮಾಡಿದ್ದೇನೆ. ನೀವೂ ಮಾಡಿ.

ಕಾಲೇಜಿನ ಸಭಾಂಗಣದಲ್ಲಿ ಪದವಿ ಪತ್ರ ಕೊಡುವ ದಿನ ಯಜಮಾನರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಸೆಲ್ವಣ್ಣ ಊರುಗೋಲು ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕೂತರು. ದೊಡ್ಡಪ್ಪ ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬಿಳಿ ಪಂಚೆ, ಹೆಗಲ ಮೇಲೆ ಜರಿ ಅಂಚಿನ ಶಲ್ಯ, ಮಗನ ಕೈ ಹಿಡಿದು ಬಂದು ಮುಂದಿನ ಸಾಲಿನಲ್ಲೇ ಕೂತರು. ಅಲ್ಲಿ ಕೂರಬಾರದೆಂದು ಯಾರೋ ಹೇಳಿದ್ದಕ್ಕೆ, "ನಮ್ಮ ಹುಡುಗಿ ಕಾಣ್ಬೇಕಲ್ಲಪ್ಪ" ಎಂದರಂತೆ. ನನಗಾಗ ಐವತ್ತು.

ಹೆಸರು ಕರೆದರು. ಹತ್ತಿದೆ. ಪತ್ರವನ್ನು ಕೈಗೆ ಕೊಟ್ಟರು. ಇಳಿದು ಬಂದು ನೇರವಾಗಿ ದೊಡ್ಡಪ್ಪನ ಮುಂದೆ ನಿಂತು ಅದನ್ನು ಅವರ ಕಡೆ ಚಾಚಿದೆ. ಅವರು ಎರಡೂ ಕೈಗಳನ್ನು ಪಂಚೆಗೆ ಒರೆಸಿಕೊಂಡು, ಪತ್ರದ ಅಂಚನ್ನಷ್ಟೇ ಹಿಡಿದುಕೊಂಡರು.

"ಇದ್ರಲ್ಲಿ ನಿನ್ ಹೆಸ್ರು ಎಲ್ಲಿ?"

ತೋರಿಸಿದೆ. ಬೆರಳನ್ನು ಅಕ್ಷರಗಳ ಮೇಲೆ ತಾಗಿಸದೆ, ಗಾಳಿಯಲ್ಲೇ ಆ ಉದ್ದಕ್ಕೂ ಎಳೆದರು. ಹಿಂದೆ ಇನ್ನೊಬ್ಬರ ಹೆಸರು ಕರೆಯುತ್ತಿದ್ದರು, ಚಪ್ಪಾಳೆ ಬೀಳುತ್ತಿತ್ತು. ಅವರು ಪತ್ರವನ್ನು ನನಗೆ ವಾಪಸ್ ಕೊಟ್ಟು, ಶಲ್ಯ ಸರಿಮಾಡಿಕೊಂಡು ಹೇಳಿದರು:

"ನಾಳೆ ಬೆಳಿಗ್ಗೆ ನಾನು ಗಾಡಿ ಮುಟ್ಟಲ್ಲ ಕಣವ್ವ. ನೀನೇ ಬಂದು ಸ್ಟಾರ್ಟ್ ಮಾಡು."